ಇಂದಿನ ಧಮ್ಮಚಿಂತನೆ: ಗೋಣಿತಟ್ಟಿನಿಂದ ನಾಗಸೇನವನದವರೆಗೆ



ಕಳೆದ ಭಾನುವಾರ ಓದು ಮುಗಿದ ಮೇಲೆ ಬಳಗದ ತಮ್ಮನೊಬ್ಬ ನನ್ನನ್ನು ಒಂದು ಪ್ರಶ್ನೆ ಕೇಳಿದ. ಸರ್, ನಮ್ಮ ಜಿಲ್ಲೆಗೂ ಈಗ ವಿಶ್ವವಿದ್ಯಾಲಯ ಬಂತು. ಮೀಸಲಾತಿ ಐತಿ, ಹಾಸ್ಟೆಲ್ ಐತಿ, ಸ್ಕಾಲರ್‌ಶಿಪ್ ಐತಿ. ಎಲ್ಲ ಮಕ್ಕಳೂ ಒಳಗ ಬಂದಾಯ್ತಲ್ಲ, ಇನ್ನೇನು ಬಾಕಿ ಐತಿ ಅಂತ ಕೇಳಿದ. ಆಗ ನನಗೆ ನೆಟ್ಟಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಬಾಬಾಸಾಹೇಬರ ಬದುಕನ್ನು ಮತ್ತೊಮ್ಮೆ ಓದಿದೆ. ಈ ಸಲ ಅವರ ಶಾಲೆ, ಕಾಲೇಜಿನ ಪುಟಗಳನ್ನಷ್ಟೇ ಓದಿದೆ. ಉತ್ತರ ಅಲ್ಲೇ ಇತ್ತು.

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಹೂ ದಂಡು ಪ್ರದೇಶದಲ್ಲಿ. ತಂದೆ ರಾಮಜಿ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಮುಂದೆ ಕುಟುಂಬ ಸಾತಾರಾಕ್ಕೆ ಬಂತು. ಹುಡುಗನಿಗೆ ಅಲ್ಲಿ ಶಾಲೆಯ ಪ್ರವೇಶ ಸಿಕ್ಕಿತು. ಹಾಜರಿ ಪುಸ್ತಕದಲ್ಲಿ ಹೆಸರೂ ಬಂತು. ಆದರೆ ಕೂರುವುದಕ್ಕೆ ಮನೆಯಿಂದಲೇ ಒಂದು ಗೋಣಿತಟ್ಟು ಒಯ್ಯಬೇಕಾಗಿತ್ತು. ಸಂಜೆ ಅದನ್ನು ಸುತ್ತಿಕೊಂಡು ಮನೆಗೆ ತರಬೇಕಾಗಿತ್ತು. ಶಾಲೆ ಗುಡಿಸುವವನೂ ಆ ತಟ್ಟನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ. ಶಾಲೆಯ ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು. ಜವಾನ ಬರದ ದಿನ ನೀರಿಲ್ಲ.

ಬಂಧುಗಳೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಆ ಹುಡುಗನನ್ನು ಶಾಲೆಯ ಹೊರಗೆ ಇಟ್ಟಿರಲಿಲ್ಲ. ಒಳಗೇ ಇಟ್ಟಿದ್ದರು. ಬಾಗಿಲು ತೆರೆದಿತ್ತು, ಹಾಸಿಗೆ ಮಾತ್ರ ಬೇರೆಯಾಗಿತ್ತು.

ಕುಟುಂಬ ಮುಂಬಯಿಗೆ ಹೋಯಿತು. ಎಲ್ಫಿನ್‌ಸ್ಟನ್ ಹೈಸ್ಕೂಲು ಸರಕಾರದ್ದು, ದೊಡ್ಡ ಹೆಸರಿನದು. ಒಂದು ದಿನ ಮೇಷ್ಟ್ರು ಲೆಕ್ಕ ಬಿಡಿಸಲು ಭೀಮರಾವ್‌ನನ್ನು ಕರಿಹಲಗೆಯ ಹತ್ತಿರ ಕರೆದರು. ಹಲಗೆಯ ಹಿಂದೆ ಉಳಿದ ಹುಡುಗರ ಬುತ್ತಿ ಡಬ್ಬಿಗಳಿದ್ದವು. ಈತ ಹಲಗೆ ಮುಟ್ಟುವ ಮೊದಲೇ ಹುಡುಗರೆಲ್ಲ ಓಡಿಬಂದು ತಮ್ಮ ತಮ್ಮ ಬುತ್ತಿ ಎತ್ತಿಕೊಂಡರು. ಸಂಸ್ಕೃತ ಓದುವ ಆಸೆಯಿತ್ತು, ಅದಕ್ಕೂ ಅವಕಾಶ ಸಿಗಲಿಲ್ಲ. ಪಾರ್ಸಿ ಭಾಷೆ ತೆಗೆದುಕೊಳ್ಳಬೇಕಾಯಿತು.

ಈ ಬುತ್ತಿಯ ಸಂಗತಿ ಓದಿದಾಗಲೆಲ್ಲ ನನ್ನದೇ ಒಂದು ತಪ್ಪು ಎದೆಯಲ್ಲಿ ಚುಚ್ಚುತ್ತದೆ. ಇಂದು ಅದನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ನಾನು ನಮ್ಮ ಭಾಗದ ಒಂದು ಪದವಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಇಪ್ಪತ್ತು ವರ್ಷದ ಹಿಂದಿನ ಮಾತು. ವಿದ್ಯಾರ್ಥಿವೇತನದ ಯಾದಿ ನನ್ನ ಕೈಗೆ ಬಂದಿತ್ತು. ತುಂಬಿದ ತರಗತಿಯಲ್ಲಿ ನಿಂತು, ಎಸ್ಸಿ-ಎಸ್ಟಿ ಸ್ಕಾಲರ್‌ಶಿಪ್ಪಿನವರೆಲ್ಲ ಎದ್ದು ನಿಲ್ರಿ ಅಂದೆ. ಐದಾರು ಮಂದಿ ಎದ್ದರು. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಬರುತ್ತಿದ್ದ ಹುಡುಗಿ ಏಳಲಿಲ್ಲ. ಮುಂದಿನ ಬೆಂಚಿನವಳು, ಚುರುಕಾಗಿ ಓದುವವಳು. ನಾನು ಅವಳ ಹೆಸರು ಹಿಡಿದು ಕರೆದೆ. ನಿನ್ನ ಹೆಸರೂ ಯಾದಿಯೊಳಗ ಐತೆಲ್ಲವಾ, ಏಳು ಅಂದೆ. ಎದ್ದು ನಿಂತಳು. ತಲೆ ಮೇಲೆತ್ತಲಿಲ್ಲ.

ಮರುವಾರ ಅವಳು ಕೊನೆಯ ಬೆಂಚಿಗೆ ಹೋಗಿದ್ದಳು. ಮೊದಲು ಇಬ್ಬರು ಗೆಳತಿಯರ ಜೊತೆ ಬುತ್ತಿ ಬಿಚ್ಚುತ್ತಿದ್ದವಳು ಆಮೇಲೆ ಒಬ್ಬಳೇ ಬೇವಿನ ಮರದ ಕೆಳಗೆ ಉಣ್ಣುತ್ತಿದ್ದಳು. ಪದವಿ ಮುಗಿಸಿದಳು, ಅದು ನಿಜ. ಆದರೆ ಆ ಮೂರು ವರ್ಷದಲ್ಲಿ ನನ್ನ ತರಗತಿಯಲ್ಲಿ ಮತ್ತೆ ಒಂದೂ ಪ್ರಶ್ನೆ ಕೇಳಲಿಲ್ಲ. ನೋವಿನ ಮಾತೆಂದರೆ, ನಾನೂ ಅಂಥದೇ ಯಾದಿಯಿಂದ ಓದಿ ಬಂದವನು. ನನ್ನನ್ನೂ ಹಾಗೆಯೇ ನಿಲ್ಲಿಸಿದ್ದರು. ಅದರಿಂದ ನಾನು ಕಲಿತದ್ದು ಇನ್ನೊಬ್ಬರನ್ನು ನಿಲ್ಲಿಸುವುದನ್ನು. ಸರಕಾರ ಅವಳಿಗೆ ಹಣ ಕೊಟ್ಟಿತ್ತು. ಅವಳು ಕೂತಿದ್ದ ಜಾಗವನ್ನು ನಾನು ಕಿತ್ತುಕೊಂಡೆ.

ಈಗ ಬಾಬಾಸಾಹೇಬರ ಬದುಕಿಗೆ ಮರಳೋಣ.

1907ರಲ್ಲಿ ಅವರು ಮೆಟ್ರಿಕ್ ಪಾಸಾದರು. ಅವರ ಸನ್ಮಾನಕ್ಕೆ ಒಂದು ಸಭೆ ನಡೆಯಿತು. ಅಲ್ಲಿ ಕೃಷ್ಣಾಜಿ ಕೇಳುಸ್ಕರ್ ಎಂಬ ಶಿಕ್ಷಕರು ತಾವೇ ಮರಾಠಿಯಲ್ಲಿ ಬರೆದಿದ್ದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗೆ ಕೊಟ್ಟರು. ಕೇಳುಸ್ಕರ್ ಅಸ್ಪೃಶ್ಯ ಸಮುದಾಯದವರಲ್ಲ. ಹುಡುಗನ ಓದಿನ ಆಸಕ್ತಿ ಕಂಡು ಹತ್ತಿರ ಕರೆದವರು, ಮುಂದೆ ಬರೋಡಾ ಮಹಾರಾಜರ ನೆರವು ಸಿಗಲಿಕ್ಕೂ ಓಡಾಡಿದವರು. ಐವತ್ತು ವರ್ಷದ ನಂತರ ನಾಗಪುರದಲ್ಲಿ ಆದ ಧಮ್ಮದೀಕ್ಷೆಯ ಬೀಜ ಒಬ್ಬ ಮೇಷ್ಟ್ರ ಕೈಯಿಂದ ಬಿತ್ತು. ಒಬ್ಬ ಶಿಕ್ಷಕ ಏನು ಕೆಡಿಸಬಲ್ಲ ಎನ್ನುವುದಕ್ಕೆ ನನ್ನ ಕಥೆ ಸಾಕ್ಷಿ. ಒಬ್ಬ ಶಿಕ್ಷಕ ಏನು ಕಟ್ಟಬಲ್ಲ ಎನ್ನುವುದಕ್ಕೆ ಕೇಳುಸ್ಕರ್ ಸಾಕ್ಷಿ.

1913ರಲ್ಲಿ ಬರೋಡಾದ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಆಗ ಅವರಿಗೆ 22 ವರ್ಷ. ಎಲ್ಲರ ಜೊತೆ ಒಂದೇ ಮೇಜಿನಲ್ಲಿ ಊಟ, ಎಲ್ಲರ ಜೊತೆ ಒಂದೇ ಗ್ರಂಥಾಲಯ. ಜಾನ್ ಡ್ಯೂಯಿ, ಸೆಲಿಗ್ಮನ್‌ರಂಥ ಗುರುಗಳು. ಅಲ್ಲಿಂದ ಲಂಡನ್ನಿಗೆ ಹೋದರು. ಓದು ಅರ್ಧಕ್ಕೆ ನಿಲ್ಲಿಸಿ 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದಾಗ ಇರಲು ಒಂದು ಕೋಣೆ ಸಿಗಲಿಲ್ಲ. ಹೆಸರು ಮರೆಸಿ ಪಾರ್ಸಿ ಛತ್ರವೊಂದರಲ್ಲಿ ಉಳಿದರು. ಗುರುತು ಸಿಕ್ಕಾಗ ಬಡಿಗೆ ಹಿಡಿದವರು ಬಂದು ಹೊರಹಾಕಿದರು. ಕಚೇರಿಯಲ್ಲಿ ಜವಾನರು ಕಡತವನ್ನು ಕೈಗೆ ಕೊಡದೆ ದೂರದಿಂದ ಎಸೆಯುತ್ತಿದ್ದರು. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ವಿದ್ಯಾರ್ಥಿಗಳು ಅವರ ಪಾಠ ಮೆಚ್ಚಿದರು. ಆದರೆ ಪ್ರಾಧ್ಯಾಪಕರಿಗೆಂದು ಇಟ್ಟ ಕೊಡದಿಂದ ಅವರು ನೀರು ಕುಡಿಯುವುದಕ್ಕೆ ಕೆಲವು ಸಹೋದ್ಯೋಗಿಗಳೇ ತಕರಾರು ಮಾಡಿದರು.

ಸಾತಾರಾದ ನಲ್ಲಿಯಿಂದ ಸಿಡೆನ್‌ಹ್ಯಾಮಿನ ಕೊಡದವರೆಗೆ ಎಷ್ಟು ದೂರ ಬಂದರು ನೋಡಿ. ಪದವಿ ಬದಲಾಯಿತು, ಪಗಾರ ಬದಲಾಯಿತು, ನೀರಿನ ಪ್ರಶ್ನೆ ಬದಲಾಗಲಿಲ್ಲ. ಪ್ರವೇಶ ಕೊಡುವುದು ಬೇರೆ, ತನ್ನವರೆಂದು ಒಳಗೊಳ್ಳುವುದು ಬೇರೆ. ಇದನ್ನು ಅವರು ಮೈಮೇಲೆ ಅನುಭವಿಸಿ ತಿಳಿದರು. ಆ ತಿಳಿವಳಿಕೆಯಿಂದಲೇ ಮುಂದೆ ತಮ್ಮ ಸಂಸ್ಥೆಗಳನ್ನು ಕಟ್ಟಿದರು ಎಂದು ನನಗನಿಸುತ್ತದೆ.

ಅವರು ಕಾಲೇಜು ಕಟ್ಟುವ ಮೊದಲು ವಿದ್ಯಾರ್ಥಿನಿಲಯ ಕಟ್ಟಿದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಹುಟ್ಟಿತು. ಮರುವರ್ಷ ಸೊಲ್ಲಾಪುರದಲ್ಲಿ ಅದರ ವಿದ್ಯಾರ್ಥಿನಿಲಯ ಶುರುವಾಯಿತು. 1928ರಲ್ಲಿ ನಿಲಯಗಳನ್ನು ನಡೆಸಲಿಕ್ಕೇ ಇನ್ನೊಂದು ಶಿಕ್ಷಣ ಸಂಸ್ಥೆ ಮಾಡಿದರು. ಅದರ ನಿಲಯಗಳಲ್ಲಿ ನಮ್ಮ ಧಾರವಾಡದ್ದೂ ಒಂದು. ಮಲಗಲು ಜಾಗ, ಹೊಟ್ಟೆಗೆ ಅನ್ನ, ಓದಲು ದೀಪ ಇಲ್ಲದ ಹುಡುಗನಿಗೆ ಕಾಲೇಜಿನ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ. ಬರೋಡಾದಲ್ಲಿ ಕೋಣೆ ಸಿಗದೆ ತೋಟದ ಮರದ ಕೆಳಗೆ ಕೂತವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1927ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕಾಯ್ದೆಯ ತಿದ್ದುಪಡಿ ಚರ್ಚೆಗೆ ಬಂತು. ವಿಶ್ವವಿದ್ಯಾಲಯ ಬರೀ ಪರೀಕ್ಷೆ ನಡೆಸುವ ಕಚೇರಿಯಾಗಬಾರದು, ಹಿಂದುಳಿದವರಿಗೆ ವಿದ್ಯೆ ತಲುಪಿಸುವುದೂ ಅದರ ಕೆಲಸ ಎಂದು ಅವರು ವಾದಿಸಿದರು. ಅದನ್ನು ನಡೆಸುವ ಸೆನೆಟ್ಟಿನಲ್ಲಿ ಹಿಂದುಳಿದ ಸಮುದಾಯಗಳ ಪ್ರತಿನಿಧಿಗಳಿಗೂ ಜಾಗ ಬೇಕೆಂದರು. ಬೆಂಚಿನ ಮೇಲೆ ಕೂರುವುದರ ಜೊತೆಗೆ ತೀರ್ಮಾನ ಮಾಡುವ ಕುರ್ಚಿಯಲ್ಲೂ ಕೂರಬೇಕು ಎಂಬುದು ಅದರ ಅರ್ಥ.

1935ರಲ್ಲಿ ಮುಂಬಯಿಯ ಸರಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾದರು. 1942ರಿಂದ 1946ರವರೆಗೆ ವೈಸ್‌ರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದರು. ನಾವು ಇಂದಿಗೂ ಅರ್ಜಿ ಹಾಕುವ ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು ಆ ಕಾಲದಲ್ಲಿ, 1944ರಲ್ಲಿ. ನಾನು ತರಗತಿಯಲ್ಲಿ ಕೂಗಿದ ಯಾದಿಯ ಮೂಲ ಅಲ್ಲಿದೆ. ಯಾರ ತಲೆ ಮೇಲೆತ್ತಲೆಂದು ಅವರು ಅದನ್ನು ಶುರುಮಾಡಿದ್ದರೋ ಅವರ ತಲೆಯನ್ನೇ ನಾನು ಅದರಿಂದ ತಗ್ಗಿಸಿದ್ದೆ.

1945ರ ಜುಲೈ 8ರಂದು ಪೀಪಲ್ಸ್ ಎಜುಕೇಷನ್ ಸೊಸೈಟಿ ಸ್ಥಾಪನೆಯಾಯಿತು. 1946ರ ಜೂನ್‌ನಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆಯಿತು. ಮೊದಲಿಗೆ ಯುದ್ಧಕಾಲದ ಸೈನಿಕರ ಬರಾಕುಗಳಲ್ಲಿ ನಡೆಯಿತು. ನೌಕರಿ ಮಾಡುವ ಬಡ ಹುಡುಗರಿಗೆ ಅನುಕೂಲವಾಗಲೆಂದು ತರಗತಿಗಳನ್ನು ಬೆಳಿಗ್ಗೆಯೇ ಇಟ್ಟರು. ಮುಂದೆ ಬಂದ ಕಟ್ಟಡಗಳಿಗೆ ಬುದ್ಧ ಭವನ, ಆನಂದ ಭವನ ಎಂದು ಹೆಸರಾಯಿತು.

ಇಲ್ಲಿ ಬಹಳ ಜನ ಮರೆಯುವ ಎರಡು ಸಂಗತಿಗಳಿವೆ. ಮೊದಲನೆಯದು, ಈ ಕಾಲೇಜನ್ನು ಬಾಬಾಸಾಹೇಬರು ಒಂದೇ ಜಾತಿಯ ಮಕ್ಕಳಿಗೆಂದು ತೆರೆಯಲಿಲ್ಲ. ಪರಿಶಿಷ್ಟರ ಬಗ್ಗೆ ವಿಶೇಷ ಕಾಳಜಿಯಿತ್ತು, ಬಾಗಿಲು ಎಲ್ಲ ಜಾತಿಯ, ಎಲ್ಲ ಧರ್ಮದ ಮಕ್ಕಳಿಗೆ ತೆರೆದಿತ್ತು. ತಮ್ಮನ್ನು ಬೇರೆ ಕೂರಿಸಿದವರ ಮಕ್ಕಳನ್ನು ಇವರು ಬೇರೆ ಕೂರಿಸಲಿಲ್ಲ. ಎರಡನೆಯದು, ಮೊದಲ ಪ್ರಾಂಶುಪಾಲರಾಗಿ ಅವರು ಕರೆತಂದದ್ದು ಎ. ಬಿ. ಗಜೇಂದ್ರಗಡ್ಕರ್ ಅವರನ್ನು. ಬ್ರಾಹ್ಮಣ ಮನೆತನದವರು, ಸಂಸ್ಕೃತದ ಹೆಸರಾಂತ ವಿದ್ವಾಂಸರು. ಆ ಮನೆತನದ ಹೆಸರು ಬಂದದ್ದು ನಮ್ಮ ಯಲಬುರ್ಗಾ, ಕುಷ್ಟಗಿಗೆ ಹೊಂದಿಕೊಂಡಿರುವ ಗಜೇಂದ್ರಗಡದಿಂದ. ಶಾಲೆಯಲ್ಲಿ ಸಂಸ್ಕೃತ ಕಲಿಯಲು ಬಿಡದಿದ್ದ ಹುಡುಗ ದೊಡ್ಡವನಾಗಿ ತನ್ನ ಕಾಲೇಜಿನ ಚುಕ್ಕಾಣಿಯನ್ನು ಸಂಸ್ಕೃತ ಪಂಡಿತರ ಕೈಗೆ ಕೊಟ್ಟ. ಹಗೆ ಹಗೆಯಿಂದ ಅಡಗದು ಎಂದು ನಾವು ಓದುತ್ತೇವೆ. ಅದನ್ನು ನೇಮಕಾತಿಯಲ್ಲಿ ಮಾಡಿ ತೋರಿಸಿದವರು ಅವರು.

ಇನ್ನು ನಮ್ಮ ನೆಲಕ್ಕೆ ಹತ್ತಿರದ ಕಥೆ. ಆಗ ಔರಂಗಾಬಾದೂ ಕೊಪ್ಪಳವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅವರದು ಮರಾಠಿ ಮೂಲೆ, ನಮ್ಮದು ಕನ್ನಡದ ಮೂಲೆ. ಎರಡೂ ವಿದ್ಯೆಯಲ್ಲಿ ಹಿಂದೆ. ರಾಜ್ಯಕ್ಕೆಲ್ಲ ಇದ್ದದ್ದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಒಂದೇ. ಬಾಬಾಸಾಹೇಬರು ಔರಂಗಾಬಾದನ್ನು ಆರಿಸಿಕೊಂಡು 1950ರ ಜೂನ್‌ನಲ್ಲಿ ಕಾಲೇಜು ಶುರುಮಾಡಿದರು. 1951ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅದರ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ಕಾಲೇಜಿಗೆ ಮಿಲಿಂದ ಎಂದು, ಅದರ ಆವರಣಕ್ಕೆ ನಾಗಸೇನವನ ಎಂದು ಹೆಸರಾಯಿತು.

ಈ ಹೆಸರುಗಳ ಹಿಂದಿನ ಕಥೆ ನಮ್ಮ ಬಳಗಕ್ಕೆ ಗೊತ್ತೇ ಇದೆ. ಮಿಲಿಂದ ಎಂದರೆ ಗ್ರೀಕ್ ದೊರೆ ಮಿನಾಂಡರ್. ಸಾಗಲ ಅವನ ರಾಜಧಾನಿ. ಪ್ರಶ್ನೆ ಕೇಳಿ ಎಲ್ಲ ಪಂಡಿತರ ಬಾಯಿ ಮುಚ್ಚಿಸಿದವನು. ಕೊನೆಗೆ ಭಿಕ್ಷು ನಾಗಸೇನ ಎದುರಾದರು. ಚರ್ಚೆಗೆ ಮೊದಲು ನಾಗಸೇನರು ಒಂದು ಷರತ್ತು ಇಟ್ಟರು. ದೊರೆ ಪಂಡಿತನ ಹಾಗೆ ವಾದ ಮಾಡುವುದಾದರೆ ಸರಿ, ದೊರೆಯ ಹಾಗೆ ಮಾಡುವುದಾದರೆ ಆಗದು. ಏಕೆಂದರೆ ಪಂಡಿತರು ಸೋತರೆ ಸಿಟ್ಟಾಗುವುದಿಲ್ಲ, ದೊರೆಗಳು ಎದುರು ಮಾತಾಡಿದವರಿಗೆ ದಂಡ ಹಾಕುತ್ತಾರೆ. ದೊರೆ ಒಪ್ಪಿದ. ಕಿರೀಟವನ್ನು ಬದಿಗಿಟ್ಟು ಕೂತ. ಒಬ್ಬ ಪರದೇಶದ ಮೂಲದ ರಾಜ, ಒಬ್ಬ ಭಿಕ್ಷು, ನಡುವೆ ಪ್ರಶ್ನೆ ಮಾತ್ರ.

ಬಾಬಾಸಾಹೇಬರು ಕಾಲೇಜಿಗೆ ಹೆಸರಿಡುವಾಗ ಎಷ್ಟೋ ಹೆಸರುಗಳಿದ್ದವು. ಅವರು ಪ್ರಶ್ನೆ ಕೇಳಿದವನ ಹೆಸರನ್ನು ಕಾಲೇಜಿಗೆ ಇಟ್ಟರು, ಉತ್ತರ ಹೇಳಿದವರ ಹೆಸರನ್ನು ಅದರ ಆವರಣಕ್ಕೆ. ನನಗೆ ಇದರಲ್ಲಿ ವಿಶ್ವವಿದ್ಯಾಲಯದ ಲಕ್ಷಣವೇ ಕಾಣುತ್ತದೆ. ಯಾವ ಜಾಗದಲ್ಲಿ ಯಾರೂ ತಮ್ಮ ಹುಟ್ಟನ್ನು, ಹಣವನ್ನು, ಕುರ್ಚಿಯನ್ನು ಬೆನ್ನಿಗಿಟ್ಟುಕೊಂಡು ವಾದ ಮಾಡುವುದಿಲ್ಲವೋ, ಯಾವ ಜಾಗದಲ್ಲಿ ಕೊನೆಯ ಬೆಂಚಿನ ಹುಡುಗಿಯೂ ಅಂಜದೆ ಕೈ ಎತ್ತುತ್ತಾಳೋ, ಅದು ವಿಶ್ವವಿದ್ಯಾಲಯ. ಆ ಮಿಲಿಂದದಲ್ಲಿ ಓದಿದ, ಕಲಿಸಿದ ತಲೆಮಾರಿನಿಂದ ಮುಂದೆ ಮರಾಠಿ ದಲಿತ ಸಾಹಿತ್ಯ ದೊಡ್ಡ ಬಲ ಪಡೆಯಿತು. ಮಾತಾಡಲು ಜಾಗ ಸಿಕ್ಕಿತು, ಆದ್ದರಿಂದ ಮಾತು ಹುಟ್ಟಿತು.

1952ರಲ್ಲಿ ಕೊಲಂಬಿಯಾ ಅವರಿಗೆ ಗೌರವ ಪದವಿ ಕೊಟ್ಟಿತು. 1953ರ ಜನವರಿಯಲ್ಲಿ ನಮ್ಮ ರಾಜ್ಯದ ಉಸ್ಮಾನಿಯಾವೂ ಗೌರವ ಡಾಕ್ಟರೇಟ್ ಕೊಟ್ಟಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮದೀಕ್ಷೆ. ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ನಾವು ಕನ್ನಡನಾಡಿಗೆ ಸೇರಿದೆವು. ಡಿಸೆಂಬರ್ 6ರಂದು ಬಾಬಾಸಾಹೇಬರು ಪರಿನಿಬ್ಬಾಣ ಹೊಂದಿದರು.

ಅವರು ಹೋದ ಮೇಲೂ ಒಳಗೊಳ್ಳುವ ಪ್ರಶ್ನೆ ಮುಗಿಯಲಿಲ್ಲ. 1958ರಲ್ಲಿ ಔರಂಗಾಬಾದಿನಲ್ಲಿ ಮರಾಠವಾಡ ವಿಶ್ವವಿದ್ಯಾಲಯ ಬಂತು. ಅದಕ್ಕೆ ಬಾಬಾಸಾಹೇಬರ ಹೆಸರಿಡಬೇಕೆಂದು 1978ರ ಜುಲೈನಲ್ಲಿ ವಿಧಾನಮಂಡಲ ತೀರ್ಮಾನಿಸಿದಾಗ ಹಳ್ಳಿಹಳ್ಳಿಯಲ್ಲಿ ದಲಿತರ ಮನೆಗಳು ಸುಟ್ಟವು, ಜೀವಗಳು ಹೋದವು. ಹೆಸರು ಬಂದದ್ದು 1994ರ ಜನವರಿ 14ರಂದು. ಆ ನೆಲದಲ್ಲಿ ವಿದ್ಯೆಯ ದೀಪ ಹಚ್ಚಿದವರ ಹೆಸರನ್ನು ವಿಶ್ವವಿದ್ಯಾಲಯದ ಬಾಗಿಲ ಮೇಲೆ ಬರೆಯಲು ಹದಿನೈದು ವರ್ಷಕ್ಕೂ ಹೆಚ್ಚು ಬೇಕಾಯಿತು. 2012ರಲ್ಲಿ ಯುಜಿಸಿ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ ಇರಬೇಕೆಂದು ನಿಯಮ ಮಾಡಿತು. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಪ್ರಾಣ ಕಳೆದುಕೊಂಡ. ನಿಯಮ ಪುಸ್ತಕದಲ್ಲಿತ್ತು. ಮನುಷ್ಯರ ನಡುವೆ ಇಳಿದಿರಲಿಲ್ಲ.

ಈಗ ನಮ್ಮ ಜಿಲ್ಲೆಯ ಮಾತು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ಏನಾಯಿತೆಂದು, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದನ್ನು ನಾವೆಲ್ಲ ಬಲ್ಲೆವು. ಹೋಟೆಲು, ಕ್ಷೌರದಂಗಡಿಯ ಪ್ರವೇಶದಿಂದ ಎದ್ದ ಕಿಚ್ಚು ಅದು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಪುಟ್ಟ ಮಗುವೊಂದು ಗುಡಿಯೊಳಗೆ ಹೋದದ್ದಕ್ಕೆ ದಂಡ ಕೇಳಿದ ಸುದ್ದಿಯೂ ನೆನಪಿದೆ. ಇಂಥ ಊರುಗಳ ಎರಡೂ ಓಣಿಯ ಮಕ್ಕಳು ಬೆಳಿಗ್ಗೆ ಒಂದೇ ಬಸ್ಸು ಹತ್ತಿ ಕಾಲೇಜಿಗೆ ಬರುತ್ತಾರೆ. ಊರಲ್ಲಿ ಒಟ್ಟಿಗೆ ಕೂರದವರು ಒಟ್ಟಿಗೆ ಕೂರಬಹುದಾದ ಮೊದಲ ಜಾಗ ಆ ಬೆಂಚು. ಅಲ್ಲೂ ಕೂರಲಿಲ್ಲ ಎಂದರೆ ಮತ್ತೆಲ್ಲಿ ಕೂತಾರು? ಕೊಪ್ಪಳ ವಿಶ್ವವಿದ್ಯಾಲಯ ಉಳಿಯಬೇಕೋ ಬೇಡವೋ ಎಂಬ ಚರ್ಚೆ 2025ರಲ್ಲಿ ಎದ್ದಾಗ ನನಗೆ ಸಂಕಟವಾದದ್ದು ಇದಕ್ಕೇ.

ಇದು ಒಂದು ಜಾತಿಯವರ ಪಾಡು ಮಾತ್ರ ಎಂದು ಯಾರೂ ತಿಳಿಯಬಾರದು. 371(ಜೆ) ಬಂದ ಮೇಲೆ ನಮ್ಮ ಎಲ್ಲ ಸಮುದಾಯದ ಮಕ್ಕಳೂ ಬೆಂಗಳೂರು, ಮೈಸೂರಿನ ಕಾಲೇಜುಗಳಿಗೆ ಹೋಗುತ್ತಿದ್ದಾರೆ. ಅಲ್ಲಿ ನಮ್ಮ ಮಾತಿನ ಧಾಟಿಗೆ ನಕ್ಕರೆ, ಆ ಕೋಟಾದವರು ಎಂದು ಬೆರಳು ಮಾಡಿದರೆ ನಮಗೆ ಹೇಗಾಗುತ್ತದೆ? ಆ ನೋವನ್ನು ಒಮ್ಮೆ ಉಂಡವರು ಇನ್ನೊಬ್ಬರಿಗೆ ಅದನ್ನು ಬಡಿಸಬಾರದು.

ನಮ್ಮ ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕ ಚಕ್ರವರ್ತಿ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಬಂಡೆಗೆ ಕೊರೆಸಿದ ಮಾತಿನ ಸಾರ ಇಷ್ಟೇ: ಇದು ದೊಡ್ಡವರಿಗೆ ಮಾತ್ರ ಸಿಗುವ ಫಲವಲ್ಲ, ಸಣ್ಣವರೂ ಶ್ರಮಪಟ್ಟರೆ ಪಡೆಯಬಲ್ಲರು, ಇಬ್ಬರೂ ಪ್ರಯತ್ನಿಸಲಿ. ಪರದೇಶದಿಂದ ತರಬೇಕಾದ ಪಾಠವಲ್ಲ. ನಮ್ಮ ಕಲ್ಲಿನಲ್ಲೇ ಇದೆ.

ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಮಕ್ಕಳು ಒಳಗೆ ಬಂದಿದ್ದಾರೆ. ಅವರಿಗೆ ಹಾಸಿದ ತಟ್ಟು ಬೇರೆಯೋ ಒಂದೆಯೋ ಎಂದು ನೋಡುವ ಕೆಲಸ ಬಾಕಿ ಇದೆ.

ಇಂದಿನ ಅಭ್ಯಾಸ:

1. ನಮ್ಮಲ್ಲಿ ಶಿಕ್ಷಕರಾಗಿರುವವರು ವಿದ್ಯಾರ್ಥಿವೇತನದ ಹೆಸರನ್ನು ತರಗತಿಯಲ್ಲಿ ಕೂಗಬೇಡಿ. ಕಚೇರಿಯಲ್ಲಿ ಒಬ್ಬೊಬ್ಬರನ್ನೇ ಕರೆದು ಸಹಿ ಮಾಡಿಸಿಕೊಳ್ಳಿ. ನಾನು ನಿವೃತ್ತಿಯಾಗುವ ಮೊದಲಿನ ಕೆಲವು ವರ್ಷ ಹೀಗೆ ಮಾಡಿದೆ. ತಡವಾಗಿ ಮಾಡಿದೆ.

2. ವಿದ್ಯಾರ್ಥಿಗಳು ಇಂದು ಒಬ್ಬರೇ ಕೂತು ಉಣ್ಣುವ ಗೆಳೆಯ, ಗೆಳತಿ ಯಾರೆಂದು ನೋಡಿ. ನಿಮ್ಮ ಬುತ್ತಿ ತಗೊಂಡು ಅವರ ಹತ್ತಿರ ಹೋಗಿ ಕೂರಿ.

3. ಮನೆಯ ಹಿರಿಯರು ಮಕ್ಕಳಿಗೆ ಸಹಪಾಠಿಗಳ ಜಾತಿ ಕೇಳುವ ಬದಲು, ಇಂದು ತರಗತಿಯಲ್ಲಿ ಏನು ಪ್ರಶ್ನೆ ಕೇಳಿದಿ ಎಂದು ಕೇಳಿ.

ಕುಷ್ಟಗಿ ಕಡೆಯ ಆ ತಂಗಿ ಈಗ ಎಲ್ಲಿದ್ದಾಳೋ. ಈ ಸಂದೇಶ ಊರಿಂದ ಊರಿಗೆ ಹೋಗಿ ಅವಳ ಕೈಗೆ ತಲುಪಿದರೆ, ನಿನ್ನ ಮೇಷ್ಟ್ರು ತಪ್ಪು ಒಪ್ಪಿಕೊಂಡಾನ ಎಂದು ಅವಳಿಗೆ ತಿಳಿಯಲಿ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.